ವೈರಸ್ಸಿನ ಹೊಟ್ಟೆಯೊಳಗಿನ ತಂತಿ

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಇತಿಹಾಸ ಅಂದರೆ ಸಾಮಾನ್ಯವಾಗಿ ಕದಂಬರು, ಕೆಳದಿಯವರು, ಇಲ್ಲವೇ ಏಕೀಕರಣದ ಹೋರಾಟ. ಬರೆಯುವವರು ಚೆನ್ನಾಗಿಯೇ ಬರೆಯುತ್ತಾರೆ, ನಾನೂ ತಪ್ಪದೆ ಓದುತ್ತೇನೆ. ಈ ಸಲ ಸಂಪಾದಕ ಮಂಡಳಿಯವರು "ನೀನೂ ಏನಾದ್ರೂ ಬರಿ ಮಾರಾಯ" ಅಂದಾಗ, ರಾಜರಿಲ್ಲದ ಇತಿಹಾಸ ನಡೆಯುತ್ತದಾ ಅಂತ ಕೇಳಿದೆ. ನಡೆಯುತ್ತೆ ಅಂದರು. ಹಾಗಾಗಿ ಇದು ಒಂದು ತಂತಿಯ ಇತಿಹಾಸ. ವೈರಸ್ ಅನ್ನುವ ವಸ್ತುವಿನ ಒಳಗೆ ಸುತ್ತಿಟ್ಟಿರುವ ತಂತಿ. ಅದು ಅಲ್ಲಿದೆ ಅಂತ ಮನುಷ್ಯನಿಗೆ ಗೊತ್ತಾಗಲು ಸುಮಾರು ಅರವತ್ತು ವರ್ಷ ಹಿಡಿಯಿತು.

ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಈ ವಿಷಯಕ್ಕೂ ನನಗೂ ಏನು ಸಂಬಂಧ ಅಂತ ಕೇಳಿದರೆ ಎರಡು ಕಾರಣ ಹೇಳಬಹುದು. ನಮ್ಮೂರು ಸಾಗರ ತಾಲೂಕಿನ ಒಳಗೆ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಹೆದರಿಕೆ ಶುರುವಾಗುತ್ತದೆ. ನನ್ನ ಸೋದರತ್ತೆ ಆ ಜ್ವರದಲ್ಲೇ ಹೋದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಕೊಟ್ಟಿಗೆಗೆ ದರಕು ತರಲು ಬೆಟ್ಟಕ್ಕೆ ಹೋದವರು, ವಾರದೊಳಗೆ ಜ್ವರ ಬಂತು, ಎರಡು ವಾರ ಎಳೆಯಿತು. ಎರಡನೇ ಕಾರಣ 2020. ಆ ವರ್ಷ ಏಪ್ರಿಲ್‌ನಲ್ಲಿ ಕುವೈತಿನಲ್ಲಿ ಮಹಬೂಲಾ, ಜಲೀಬ್ ಎರಡನ್ನೂ ಪೂರ್ತಿ ಮುಚ್ಚಿದರು. ಮಹಬೂಲಾದಲ್ಲಿ ಒಂದೇ ರೂಮಿನಲ್ಲಿ ನಾವು ಆರು ಜನ. ಹೊತ್ತು ಹೋಗದೆ ಎಲ್ಲರೂ ಫೋನಿನಲ್ಲಿ ಬಂದದ್ದನ್ನೆಲ್ಲ ಓದಿ ವಾದ ಮಾಡುತ್ತಿದ್ದೆವು. ವೈರಸ್ ಅಂದರೆ ಹುಳವಾ, ವಿಷವಾ, ಜೀವ ಇದೆಯಾ ಇಲ್ಲವಾ? ಜೀವ ಇಲ್ಲದ್ದು ತನ್ನ ಹಾಗೇ ಇರುವ ಇನ್ನೊಂದನ್ನು ಹೇಗೆ ಹುಟ್ಟಿಸುತ್ತೆ? ಅದರ ಡ್ರಾಯಿಂಗ್ ಎಲ್ಲಿರುತ್ತೆ? ಈ ಕೊನೇ ಪ್ರಶ್ನೆ ನನ್ನದು. ಡ್ರಾಯಿಂಗ್ ಇಲ್ಲದೆ ಒಂದು ಡಿಬಿ ಬೋರ್ಡ್ ಕೂಡ ಕಟ್ಟಲು ಆಗುವುದಿಲ್ಲ ಅನ್ನೋದು ನಮಗೆಲ್ಲ ಗೊತ್ತಲ್ಲ. ಅವತ್ತಿನಿಂದ ಓದಲು ಶುರುಮಾಡಿದವನು ಇವತ್ತಿಗೂ ಬಿಟ್ಟಿಲ್ಲ.

ಕಥೆ ಶುರುವಾಗುವುದು ಮನುಷ್ಯರ ಕಾಯಿಲೆಯಿಂದಲ್ಲ, ಹೊಗೆಸೊಪ್ಪಿನಿಂದ. ಹೊಗೆಸೊಪ್ಪಿನ ಗಿಡಕ್ಕೆ ಮೊಸಾಯಿಕ್ ಅಂತ ಒಂದು ರೋಗ. ಎಲೆ ಮೇಲೆ ತಿಳಿಹಸಿರು, ಕಡುಹಸಿರು ತೇಪೆ ಬಿದ್ದು ಎಲೆ ಸುರುಟಿಕೊಳ್ಳುತ್ತದೆ. 1892ರಲ್ಲಿ ರಷ್ಯಾದ ದಿಮಿತ್ರಿ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು ಪಿಂಗಾಣಿ ಫಿಲ್ಟರಿನಲ್ಲಿ ಸೋಸಿದ. ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸಣ್ಣ ರಂಧ್ರದ ಫಿಲ್ಟರ್ ಅದು. ಸೋಸಿದ ರಸ ಹಚ್ಚಿದರೂ ಒಳ್ಳೆಯ ಗಿಡಕ್ಕೆ ರೋಗ ಬಂತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದೇ ಪ್ರಯೋಗ ಮಾಡಿ ಒಂದು ಹೆಜ್ಜೆ ಮುಂದೆ ಹೋದ. ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಗಿಡದ ಬೆಳೆಯುವ ಭಾಗದಲ್ಲಿ ಸೇರಿಕೊಂಡು ಹೆಚ್ಚುವ ಒಂದು ದ್ರವ, ಜೀವಂತ ದ್ರವ ಅಂದ. ವೈರಸ್ ಅನ್ನುವ ಹೆಸರು ಈ ಅರ್ಥದಲ್ಲಿ ನಿಂತದ್ದು ಅವನಿಂದ. ದ್ರವ ಅಂದದ್ದು ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ "ಹೆಚ್ಚುತ್ತದೆ" ಅಂದದ್ದೇ ಮುಖ್ಯ. ವಿಷವಾಗಿದ್ದರೆ ಗಿಡದಿಂದ ಗಿಡಕ್ಕೆ ದಾಟಿಸುತ್ತಾ ಹೋದ ಹಾಗೆ ತೆಳುವಾಗಬೇಕಿತ್ತು. ಇದು ತೆಳುವಾಗಲಿಲ್ಲ.

ಆಮೇಲೆ ಮೂವತ್ತೇಳು ವರ್ಷ ದೊಡ್ಡದೇನೂ ಇಲ್ಲ ಅಂತ ದಾಟಿಬಿಡುತ್ತೇನೆ. 1935ಕ್ಕೆ ಬರೋಣ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವೆಂಡೆಲ್ ಸ್ಟಾನ್ಲಿ ಅನ್ನುವ ರಸಾಯನಶಾಸ್ತ್ರಜ್ಞ ಹೆಚ್ಚುಕಡಿಮೆ ಒಂದು ಟನ್ ರೋಗದ ಸೊಪ್ಪು ಅರೆದು, ಸೋಸಿ, ಶುದ್ಧಮಾಡಿ ಕೊನೆಗೆ ಒಂದಿಷ್ಟು ಬಿಳಿ ಹರಳು ತೆಗೆದ. ಉಪ್ಪು ಸಕ್ಕರೆಯಂತೆ ಹರಳು! ಬಾಟಲಿಯಲ್ಲಿ ಹಾಕಿಟ್ಟರೆ ಸುಮ್ಮನೆ ಬಿದ್ದಿರುತ್ತದೆ, ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ. ಲೋಕವೇ ಬೆರಗಾಯಿತು. ಇದು ಪ್ರೋಟೀನ್ ಅಂತ ಸ್ಟಾನ್ಲಿ ಪ್ರಕಟಿಸಿದ. 1946ರಲ್ಲಿ ಅವನಿಗೆ ನೊಬೆಲ್ ಕೂಡ ಬಂತು.

ಆದರೆ ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಬೌಡೆನ್ ಮತ್ತು ಪಿರೀ ಅನ್ನುವ ಇಬ್ಬರು ಅದೇ ವಸ್ತುವನ್ನು ಇನ್ನೊಮ್ಮೆ ಅಳೆದು ನೋಡಿದ್ದರು. 1936ರಲ್ಲಿ ಅವರು ಹೇಳಿದ್ದು ಇಷ್ಟು: ಇದರಲ್ಲಿ ರಂಜಕ ಇದೆ, ಸಕ್ಕರೆ ಜಾತಿಯ ವಸ್ತುವೂ ಇದೆ. ಬರೀ ಪ್ರೋಟೀನಿನಲ್ಲಿ ಅವು ಇರಬಾರದು. ಅಂದರೆ ಒಳಗೆ ಸ್ವಲ್ಪ ಆರ್‌ಎನ್‌ಎ ಇದೆ. ಎಷ್ಟು? ನೂರಕ್ಕೆ ಸುಮಾರು ಆರು ಭಾಗ. ಉಳಿದ ತೊಂಬತ್ತನಾಲ್ಕು ಪ್ರೋಟೀನ್.

ಆ ಆರು ಪರ್ಸೆಂಟನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಗಿನ ಕಾಲದಲ್ಲಿ ಪ್ರೋಟೀನೇ ದೊಡ್ಡ ಮನುಷ್ಯ. ಇಪ್ಪತ್ತು ಬಗೆಯ ಬಿಡಿಭಾಗ ಸೇರಿ ಆಗುವ ವಸ್ತು, ಎಷ್ಟು ಬೇಕಾದರೂ ವಿಧ ಮಾಡಬಹುದು. ಆರ್‌ಎನ್‌ಎ, ಡಿಎನ್‌ಎ ಅಂದರೆ ನಾಲ್ಕೇ ಬಗೆಯ ಬಿಡಿಭಾಗ ಮತ್ತೆ ಮತ್ತೆ ಬರುವ ಬೇಸರದ ಸರಪಳಿ ಅಂತ ಎಲ್ಲರ ಅಭಿಪ್ರಾಯ. ನನಗೆ ಇದನ್ನು ಓದಿದಾಗ ನಮ್ಮ ಸೈಟಿನ ನೆನಪಾಯಿತು. ಹೊಸಬರು ಪ್ಯಾನೆಲ್ ಬಾಗಿಲು ತೆಗೆದ ಕೂಡಲೇ ನೋಡುವುದು ದೊಡ್ಡ ಬಸ್‌ಬಾರು, ದೊಡ್ಡ ಬ್ರೇಕರು. ಮೂಲೆಯಲ್ಲಿ ಬೆರಳು ಗಾತ್ರದ ಕಂಟ್ರೋಲ್ ವೈರಿಂಗ್ ಇರುತ್ತದೆ. ತೂಕಕ್ಕೆ ಹಾಕಿದರೆ ಏನೂ ಇಲ್ಲ, ಆದರೆ ಯಾವುದು ಯಾವಾಗ ಆನ್ ಆಗಬೇಕು ಅನ್ನುವುದೆಲ್ಲ ಅದರಲ್ಲೇ.

ಇಲ್ಲಿ ನಮ್ಮ ಕಸುಬಿನವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಎರ್ನ್‌ಸ್ಟ್ ರುಸ್ಕಾ, ಜರ್ಮನಿಯ ಎಲೆಕ್ಟ್ರಿಕಲ್ ಎಂಜಿನಿಯರ್. ಬರ್ಲಿನ್‌ನಲ್ಲಿ ಹೈವೋಲ್ಟೇಜ್ ವಿಭಾಗದಲ್ಲಿ ಓದುತ್ತಿದ್ದಾಗ, ತಾಮ್ರದ ಕಾಯಿಲಿಗೆ ಕರೆಂಟ್ ಕೊಟ್ಟು ಎಲೆಕ್ಟ್ರಾನ್ ಕಿರಣವನ್ನು ಬಾಗಿಸಬಹುದು, ಗಾಜಿನ ಮಸೂರ ಬೆಳಕನ್ನು ಬಾಗಿಸುವ ಹಾಗೆ ಅಂತ ತೋರಿಸಿದ. 1931ರಲ್ಲಿ ಮ್ಯಾಕ್ಸ್ ನೋಲ್ ಜೊತೆ ಸೇರಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ. ಅವನ ತಮ್ಮ ಹೆಲ್ಮುಟ್ ವೈದ್ಯ. 1939ರಲ್ಲಿ ಹೆಲ್ಮುಟ್ ಮತ್ತು ಜೊತೆಗಾರರು ಆ ಯಂತ್ರದಲ್ಲಿ ಹೊಗೆಸೊಪ್ಪಿನ ವೈರಸ್ಸಿನ ಚಿತ್ರ ತೆಗೆದರು. ಮನುಷ್ಯ ಕಣ್ಣಾರೆ ಕಂಡಾಗ ಅದು ದ್ರವವೂ ಅಲ್ಲ, ಹುಳವೂ ಅಲ್ಲ. ನೆಟ್ಟಗಿನ ಕಡ್ಡಿ. ಪೈಪಿನ ತುಂಡು. ಎರ್ನ್‌ಸ್ಟ್ ರುಸ್ಕಾನಿಗೆ ನೊಬೆಲ್ ಬಂದದ್ದು 1986ರಲ್ಲಿ, ಯಂತ್ರ ಕಟ್ಟಿ ಐವತ್ತೈದು ವರ್ಷ ಆದ ಮೇಲೆ.

ಪೈಪು ಕಾಣಿಸಿತು, ಒಳಗಿನ ವೈರು ಕಾಣಿಸಲಿಲ್ಲ. ಅದು ತಿಳಿಯಲು ಇನ್ನೊಂದು ಬಗೆಯ ವೈರಸ್ ಬೇಕಾಯಿತು: ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್, ಅದಕ್ಕೆ ಫೇಜ್ ಅಂತ ಹೆಸರು. ದೊಡ್ಡ ತಲೆ, ಕೆಳಗೆ ಬಾಲ, ಬಾಲದ ತುದಿಯಲ್ಲಿ ಕಾಲುಗಳು. ಬ್ಯಾಕ್ಟೀರಿಯಾದ ಮೇಲೆ ಬಂದು ಕೂರುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಕ್ಟೀರಿಯಾ ಒಡೆದು ನೂರಾರು ಹೊಸ ಫೇಜ್ ಹೊರಗೆ. ಹಾಗಾದರೆ ಒಳಗೆ ಹೋದದ್ದು ಏನು? 1952ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಲ್ಫ್ರೆಡ್ ಹರ್ಷೆ ಮತ್ತು ಅವರ ಸಹಾಯಕಿ ಮಾರ್ಥಾ ಚೇಸ್ ಮಾಡಿದ ಪ್ರಯೋಗವನ್ನು ನಾನು ಯಾರಿಗೆ ಬೇಕಾದರೂ ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಬಲ್ಲೆ.

ಪ್ರೋಟೀನಿನಲ್ಲಿ ಗಂಧಕ ಇದೆ, ರಂಜಕ ಇಲ್ಲ. ಡಿಎನ್‌ಎಯಲ್ಲಿ ರಂಜಕ ಇದೆ, ಗಂಧಕ ಇಲ್ಲ. ಕೆಲವು ಫೇಜ್‌ಗಳ ಗಂಧಕಕ್ಕೆ ವಿಕಿರಣದ ಗುರುತು ಹಾಕಿದರು, ಬೇರೆ ಕೆಲವಕ್ಕೆ ರಂಜಕಕ್ಕೆ ಹಾಕಿದರು. ಎರಡು ಬಣ್ಣದ ವೈರು ಎಳೆದ ಹಾಗೆ, ಯಾವುದು ಎಲ್ಲಿ ಹೋಯಿತು ಅಂತ ಆಮೇಲೆ ಮೀಟರಿನಲ್ಲಿ ಹಿಡಿಯಬಹುದು. ಫೇಜ್ ಬಂದು ಬ್ಯಾಕ್ಟೀರಿಯಾದ ಮೇಲೆ ಕೂತಿತು. ಈಗ ಮೇಲೆ ಕೂತ ಖಾಲಿ ಸಿಪ್ಪೆಯನ್ನು ಕಿತ್ತು ಬಿಸಾಡಬೇಕು, ಆದರೆ ಬ್ಯಾಕ್ಟೀರಿಯಾ ಒಡೆಯಬಾರದು. ಏನೇನೋ ಪ್ರಯತ್ನ ಮಾಡಿದ ಮೇಲೆ ಕೆಲಸಕ್ಕೆ ಬಂದದ್ದು ವೇರಿಂಗ್ ಕಂಪನಿಯ ಬ್ಲೆಂಡರ್. ಅಡುಗೆಮನೆಯ ಮಿಕ್ಸಿಯೇ ಸರಿ! ಮಿಕ್ಸಿಯಲ್ಲಿ ತಿರುಗಿಸಿ ನೋಡಿದರೆ ಗಂಧಕದ ಹೆಚ್ಚಿನ ಪಾಲು ಹೊರಗೆ, ರಂಜಕದ ಹೆಚ್ಚಿನ ಪಾಲು ಬ್ಯಾಕ್ಟೀರಿಯಾದ ಒಳಗೆ. ಸಿಪ್ಪೆ ಕಿತ್ತ ಮೇಲೂ ಹೊಸ ಫೇಜ್ ಹುಟ್ಟಿದವು. ಅಂದರೆ ಡ್ರಾಯಿಂಗ್ ಇರುವುದು ಡಿಎನ್‌ಎಯಲ್ಲಿ. ಪ್ರೋಟೀನ್ ಬರೀ ಡಬ್ಬ ಮತ್ತು ಸಿರಿಂಜು.

1944ರಲ್ಲೇ ಆಸ್ವಾಲ್ಡ್ ಏವರಿ ಬ್ಯಾಕ್ಟೀರಿಯಾದಲ್ಲಿ ಇದನ್ನೇ ತೋರಿಸಿದ್ದರು, ಆದರೆ ಬಹಳ ಜನ ನಂಬಿರಲಿಲ್ಲ. ಮಿಕ್ಸಿ ಪ್ರಯೋಗದ ಮೇಲೆ ನಂಬಿದರು. ಹರ್ಷೆಗೆ 1969ರಲ್ಲಿ ನೊಬೆಲ್ ಬಂತು. ಮಾರ್ಥಾ ಚೇಸ್‌ಗೆ ಬರಲಿಲ್ಲ. ಪುಸ್ತಕಗಳಲ್ಲಿ ಪ್ರಯೋಗಕ್ಕೆ ಇಬ್ಬರ ಹೆಸರೂ ಇದೆ ಅನ್ನೋದು ಸಮಾಧಾನ. ಆದರೂ ಕೈ ಕೆಲಸ ಮಾಡಿದವರ ಹೆಸರು ಉದ್ಘಾಟನೆ ಫಲಕದಲ್ಲಿ ಇರುವುದಿಲ್ಲ ಅನ್ನೋದನ್ನು ಗಲ್ಫಿನಲ್ಲಿ ಇರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮತ್ತೆ ಹೊಗೆಸೊಪ್ಪಿನ ಕಡ್ಡಿಗೆ ಬರುತ್ತೇನೆ. ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ರೊಸಲಿಂಡ್ ಫ್ರಾಂಕ್ಲಿನ್ ಹೆಸರು ಡಿಎನ್‌ಎ ಕಥೆಯಲ್ಲಿ ಕೇಳಿರುತ್ತೀರಿ. ಅವರು ತೆಗೆಸಿದ ಎಕ್ಸ್‌ರೇ ಚಿತ್ರ, ಅದನ್ನು ಅವರಿಗೆ ತಿಳಿಯದ ಹಾಗೆ ಬೇರೆಯವರಿಗೆ ತೋರಿಸಿದ್ದು, ಅದೆಲ್ಲ ಬಹಳ ಜನ ಬರೆದಿದ್ದಾರೆ. ಅಲ್ಲಿಂದ 1953ರಲ್ಲಿ ಅವರು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಹೋಗಿ ಮಾಡಿದ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿ ಅವರು ಹಿಡಿದದ್ದು ಈ ಕಡ್ಡಿಯನ್ನೇ. ಪ್ರಶ್ನೆ ಸರಳ: ಆರು ಪರ್ಸೆಂಟ್ ಆರ್‌ಎನ್‌ಎ ಪೈಪಿನ ಯಾವ ಜಾಗದಲ್ಲಿದೆ? ಎಲ್ಲರ ಊಹೆ ಏನೆಂದರೆ ನಡುವಿನ ತೂತಿನಲ್ಲಿ ನೆಟ್ಟಗೆ ಹೋಗಿರಬೇಕು ಅಂತ. ಕಂಡ್ಯೂಟಿನಲ್ಲಿ ವೈರು ಹೋದ ಹಾಗೆ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಉತ್ತರ ಕಂಡುಹಿಡಿದ ರೀತಿ ನಮ್ಮ ಟೆಸ್ಟಿಂಗ್ ರೀತಿಯದೇ. ಅಮೆರಿಕದ ಡಾನ್ ಕ್ಯಾಸ್ಪರ್ ಪೂರ್ತಿ ವೈರಸ್ಸಿನ ಎಕ್ಸ್‌ರೇ ಲೆಕ್ಕದಿಂದ ನಡುವಿನಿಂದ ಹೊರಕ್ಕೆ ಎಲ್ಲೆಲ್ಲಿ ಎಷ್ಟು ಸಾಂದ್ರತೆ ಇದೆ ಅಂತ ಗೆರೆ ಎಳೆದರು. ಫ್ರಾಂಕ್ಲಿನ್ ಆರ್‌ಎನ್‌ಎ ಇಲ್ಲದ ಬರೀ ಪ್ರೋಟೀನಿನ ಕಡ್ಡಿಯನ್ನು ಹೋಲಿಸಿ ನೋಡಿದರು. ಲೋಡ್ ಇದ್ದಾಗ ಒಂದು ರೀಡಿಂಗ್, ಲೋಡ್ ತೆಗೆದು ಇನ್ನೊಂದು ರೀಡಿಂಗ್. ಎರಡರ ವ್ಯತ್ಯಾಸ ಇದ್ದ ಜಾಗದಲ್ಲಿ ಆರ್‌ಎನ್‌ಎ. 1956ರಲ್ಲಿ ಇಬ್ಬರ ಲೇಖನವೂ ಪ್ರಕಟವಾಯಿತು. ಆ ಜಾಗ ನಡುವಿನ ತೂತಲ್ಲ, ಗೋಡೆಯ ಒಳಗೆ! ನಡುವಿನಿಂದ 4 ನ್ಯಾನೊಮೀಟರ್ ದೂರದಲ್ಲಿ ಆರ್‌ಎನ್‌ಎ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೋಗಿದೆ, ಪ್ರತಿ ಸುತ್ತಿಗೂ ಪ್ರೋಟೀನ್ ಇಟ್ಟಿಗೆಗಳು ಅದನ್ನು ಕಚ್ಚಿ ಹಿಡಿದಿವೆ.

ನ್ಯಾನೊಮೀಟರ್ ಅಂದರೆ ತಲೆಗೆ ಹತ್ತುವುದಿಲ್ಲ, ಅದಕ್ಕೆ ನಾನು ಎಲ್ಲವನ್ನೂ ಹತ್ತು ಲಕ್ಷ ಪಟ್ಟು ದೊಡ್ಡದು ಮಾಡಿಕೊಂಡೆ. ಆಗ ಈ ವೈರಸ್ 30 ಸೆಂಟಿಮೀಟರ್ ಉದ್ದ, 18 ಮಿಲಿಮೀಟರ್ ದಪ್ಪದ ಪೈಪು. ಹೆಚ್ಚುಕಡಿಮೆ ನಾವು ದಿನಾ ಬಳಸುವ 20 ಎಂಎಂ ಕಂಡ್ಯೂಟಿನ ಒಂದು ಅಡಿ ತುಂಡು. ನಡುವೆ 4 ಎಂಎಂ ತೂತು. ಒಟ್ಟು ಸುಮಾರು 130 ಸುತ್ತು, ಮೂರು ಸುತ್ತಿಗೆ 49 ಇಟ್ಟಿಗೆ, ಒಟ್ಟು ಇಟ್ಟಿಗೆ 2,130ರ ಆಸುಪಾಸು. ಎಲ್ಲ ಇಟ್ಟಿಗೆಯೂ ಒಂದೇ ಅಚ್ಚಿನವು. ಪ್ರತಿ ಇಟ್ಟಿಗೆಯೂ ಆರ್‌ಎನ್‌ಎಯ ಮೂರು ಅಕ್ಷರ ಹಿಡಿಯುತ್ತದೆ, ಹಾಗಾಗಿ ಒಟ್ಟು ಅಕ್ಷರ ಸುಮಾರು 6,400. ಸುತ್ತಿದ ತಂತಿಯನ್ನು ಬಿಡಿಸಿದರೆ ಎಷ್ಟುದ್ದ? ವೈಂಡಿಂಗ್ ಲೆಕ್ಕ ಗೊತ್ತಿರುವವರು ಈಗಲೇ ಮಾಡಿ ನೋಡಿ. 4 ಎಂಎಂ ತ್ರಿಜ್ಯದ ಒಂದು ಸುತ್ತು 25 ಎಂಎಂ, 130 ಸುತ್ತಿಗೆ 3.25 ಮೀಟರ್ ಚಿಲ್ಲರೆ. ಒಂದಡಿ ಪೈಪಿನ ಗೋಡೆಯಲ್ಲಿ ಮೂರೂಕಾಲು ಮೀಟರ್ ವೈರು. ಸ್ಟೇಟರ್ ವೈಂಡಿಂಗ್ ಮಾಡುವವರು ಕೂಡ ಮೆಚ್ಚಬೇಕು.

ಒಂದೇ ಅಚ್ಚಿನ ಇಟ್ಟಿಗೆ ಯಾಕೆ ಅನ್ನುವುದನ್ನು ಕ್ರಿಕ್ ಮತ್ತು ವಾಟ್ಸನ್ 1956ರಲ್ಲಿ ಬಿಡಿಸಿ ಹೇಳಿದ್ದರು. ಸಣ್ಣ ವೈರಸ್ಸಿನಲ್ಲಿ ಅಕ್ಷರ ಕಡಿಮೆ. ಅಷ್ಟು ಕಡಿಮೆ ಅಕ್ಷರದಲ್ಲಿ ದೊಡ್ಡ ಡಬ್ಬದ ಪೂರ್ತಿ ಡ್ರಾಯಿಂಗ್ ಬರೆಯಲು ಜಾಗ ಸಾಲದು. ಒಂದು ಇಟ್ಟಿಗೆಯ ಡ್ರಾಯಿಂಗ್ ಬರೆದು ಅದನ್ನೇ ಸಾವಿರ ಸಲ ಮಾಡಿಸಿಕೊಂಡರೆ ಮುಗಿಯಿತು. ಇದಕ್ಕಿಂತ ಜಿಪುಣತನದ ಗುತ್ತಿಗೆದಾರನನ್ನು ನಾನಂತೂ ನೋಡಿಲ್ಲ.

ಅದೇ ವರ್ಷಗಳಲ್ಲಿ ಬರ್ಕ್‌ಲಿಯಲ್ಲಿ ಹೈನ್ಜ್ ಫ್ರೆಂಕೆಲ್-ಕಾನ್ರಾಟ್ ಈ ಕಡ್ಡಿಯನ್ನು ಬಿಚ್ಚಿ ಪ್ರೋಟೀನ್ ಬೇರೆ, ಆರ್‌ಎನ್‌ಎ ಬೇರೆ ಮಾಡಿ, 1955ರಲ್ಲಿ ಎರಡನ್ನೂ ಮತ್ತೆ ಒಂದೇ ಪಾತ್ರೆಗೆ ಹಾಕಿದರು. ತಾವಾಗಿಯೇ ಕೂಡಿಕೊಂಡು ಮತ್ತೆ ಕಡ್ಡಿಯಾದವು, ಗಿಡಕ್ಕೆ ರೋಗ ತಂದವು. ಮರುವರ್ಷ ಅವರೂ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಗೀರರ್ ಮತ್ತು ಶ್ರಾಮ್ ಅವರೂ ಆರ್‌ಎನ್‌ಎ ಒಂದನ್ನೇ ಎಲೆಗೆ ಹಚ್ಚಿ ರೋಗ ಬರಿಸಿದರು. ಬಲ ತುಂಬಾ ಕಡಿಮೆ, ಯಾಕೆಂದರೆ ಇನ್ಸುಲೇಶನ್ ಇಲ್ಲದ ಬೋಳು ವೈರು ಬಹಳ ಬೇಗ ಹಾಳಾಗುತ್ತದೆ. ಆದರೆ ರೋಗ ಬಂತು, ಪೂರ್ತಿ ಹೊಸ ಕಡ್ಡಿಗಳೂ ಹುಟ್ಟಿದವು. ಆಮೇಲೆ 1957ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ಬಿಯಾ ಸಿಂಗರ್ ಒಂದು ತಳಿಯ ಆರ್‌ಎನ್‌ಎಗೆ ಇನ್ನೊಂದು ತಳಿಯ ಪ್ರೋಟೀನ್ ಅಂಗಿ ತೊಡಿಸಿದರು. ಹುಟ್ಟಿದ ಮರಿಗಳ ಅಂಗಿ ಯಾರದ್ದು? ಆರ್‌ಎನ್‌ಎ ಯಾರದ್ದೋ ಅವರದ್ದು. ಅಲ್ಲಿಗೆ ಅನುಮಾನ ಮುಗಿಯಿತು. ಸ್ಟಾನ್ಲಿಯ ಕಾಲದಲ್ಲಿ ಕಸದ ಹಾಗೆ ಕಂಡ ಆರು ಪರ್ಸೆಂಟೇ ಯಜಮಾನ.

ಫ್ರಾಂಕ್ಲಿನ್ ಅವರಿಗೆ 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನಕ್ಕೆ ಈ ವೈರಸ್ಸಿನ ಮಾದರಿ ಮಾಡಿಕೊಡಿ ಅಂತ ಕೇಳಿದ್ದರು. ಐದು ಅಡಿ ಎತ್ತರದ ಮಾದರಿ. ಸಾಮಾನು ಏನು ಗೊತ್ತಾ? ಟೇಬಲ್ ಟೆನಿಸ್ ಚೆಂಡು, ಸೈಕಲ್ ಹ್ಯಾಂಡಲ್ಲಿನ ಪ್ಲಾಸ್ಟಿಕ್ ಹಿಡಿ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲೇ ಕೆಲಸ ಮಾಡುವ ಬುದ್ಧಿ. ಆಗಲೇ ಅವರಿಗೆ ಕ್ಯಾನ್ಸರ್. 1958ರ ಏಪ್ರಿಲ್ 16ರಂದು ತೀರಿಕೊಂಡರು, ವಯಸ್ಸು 37. ಪ್ರದರ್ಶನ ಶುರುವಾದದ್ದು ಮರುದಿನ. ಅವರ ಜೊತೆ ಕೆಲಸ ಮಾಡಿದ ಆರನ್ ಕ್ಲುಗ್ ಆ ದಾರಿಯಲ್ಲೇ ಮುಂದೆ ಹೋಗಿ 1982ರಲ್ಲಿ ನೊಬೆಲ್ ಪಡೆದರು. ನನಗೀಗ ಮೂವತ್ತೇಳು. ಇದನ್ನು ಓದಿದ ದಿನ ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ.

ಹೊಗೆಸೊಪ್ಪಿನ ಕಡ್ಡಿ ಸಜ್ಜನ. ತಂತಿ ಮತ್ತು ಡಬ್ಬ ಒಟ್ಟೊಟ್ಟಿಗೆ ಬೆಳೆಯುತ್ತವೆ, ಬಲವಂತ ಇಲ್ಲ. ಆರ್‌ಎನ್‌ಎ ಮೈತುಂಬ ಋಣ ಚಾರ್ಜು, ಇಟ್ಟಿಗೆಯ ಒಳಮೈಯಲ್ಲಿ ಅದನ್ನು ಹಿಡಿಯುವ ಜಾಗದಲ್ಲಿ ಧನ ಚಾರ್ಜು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದರೆ ಫೇಜ್‌ಗಳ ದಾರಿ ಬೇರೆ. ಅವು ಮೊದಲು ಖಾಲಿ ಡಬ್ಬ ಕಟ್ಟುತ್ತವೆ, ಆಮೇಲೆ ಬಾಗಿಲಲ್ಲಿ ಒಂದು ಮೋಟರ್ ಕೂರಿಸಿ ಡಿಎನ್‌ಎಯನ್ನು ಒಳಗೆ ತುರುಕುತ್ತವೆ. ಮೋಟರ್ ಅಂತ ನಾನು ಹೋಲಿಕೆಗೆ ಹೇಳುತ್ತಿಲ್ಲ, ವಿಜ್ಞಾನಿಗಳೇ ಹಾಗೆ ಕರೆಯುತ್ತಾರೆ. ಜೀವಕೋಶದ ಎಟಿಪಿ ಅನ್ನುವ ಇಂಧನದಲ್ಲಿ ಓಡುತ್ತದೆ.

ಲ್ಯಾಂಬ್ಡಾ ಅನ್ನುವ ಫೇಜ್ ತೆಗೆದುಕೊಳ್ಳಿ. ಮತ್ತೆ ಹತ್ತು ಲಕ್ಷ ಪಟ್ಟು ಹಿಗ್ಗಿಸಿದರೆ ಅದರ ತಲೆ 6 ಸೆಂಟಿಮೀಟರ್, ಒಂದು ಸಣ್ಣ ಮೋಸಂಬಿ. ಅದರೊಳಗೆ 2 ಎಂಎಂ ದಪ್ಪದ ವೈರು ಹದಿನಾರೂವರೆ ಮೀಟರ್! ಅಕ್ಷರಜೋಡಿಗಳ ಲೆಕ್ಕದಲ್ಲಿ 48,502. ಗೋಡೆಯ ದಪ್ಪ ಕಳೆದು ನೋಡಿದರೆ ಒಳಗಿನ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ವೈರೇ. ನಾವು ಕಂಡ್ಯೂಟಿನಲ್ಲಿ ಮೂರು ವೈರಿಗಿಂತ ಹೆಚ್ಚಾದರೆ ನಲವತ್ತು ಪರ್ಸೆಂಟ್ ದಾಟಿಸಬಾರದು ಅಂತ ಇನ್ಸ್‌ಪೆಕ್ಟರ್ ಹತ್ತಿರ ಬೈಸಿಕೊಳ್ಳುತ್ತೇವೆ. ಅದೂ ಡಿಎನ್‌ಎ ಸುಮ್ಮನೆ ಇರುವ ವೈರಲ್ಲ, ಗಡುಸು, ಮೈತುಂಬ ಒಂದೇ ಚಾರ್ಜು, ಪಕ್ಕದ ಸುತ್ತನ್ನು ತಳ್ಳುತ್ತಲೇ ಇರುತ್ತದೆ. ಹಾಗಾಗಿ ತುಂಬುತ್ತಾ ಹೋದ ಹಾಗೆ ಒಳಗೆ ಒತ್ತಡ ಏರುತ್ತದೆ. 2001ರಲ್ಲಿ ಬರ್ಕ್‌ಲಿಯ ಕಾರ್ಲೋಸ್ ಬುಸ್ಟಮಾಂಟೆ ತಂಡ ಫೈ-29 ಅನ್ನುವ ಸಣ್ಣ ಫೇಜ್ ಒಂದನ್ನು ಹಿಡಿದು, ಲೇಸರ್ ಕಿರಣದಲ್ಲಿ ಡಿಎನ್‌ಎಯ ಇನ್ನೊಂದು ತುದಿಯನ್ನು ಎಳೆದು ಹಿಡಿದು, ಆ ಮೋಟರಿನ ಎಳೆತದ ಬಲ ಅಳೆದರು. 57 ಪೈಕೊನ್ಯೂಟನ್. ಒಳಗಿನ ಒತ್ತಡ ಸುಮಾರು 60 ವಾತಾವರಣದಷ್ಟು ಅಂತ ಲೆಕ್ಕ ಬಂತು. ನಮ್ಮ ಕಾರಿನ ಟಯರಿನಲ್ಲಿ ಎರಡೂ ಚಿಲ್ಲರೆ. ಹೀಗೆ ಕಟ್ಟಿಟ್ಟ ಒತ್ತಡ ಸುಮ್ಮನೆ ಹೋಗುವುದಿಲ್ಲ. ಬ್ಯಾಕ್ಟೀರಿಯಾದ ಮೇಲೆ ಕೂತು ಬಾಗಿಲು ತೆಗೆದಾಗ ಡಿಎನ್‌ಎ ಒಳಗೆ ನುಗ್ಗಲು ಅದೇ ಮೊದಲ ತಳ್ಳು ಕೊಡುತ್ತದೆ. ಸ್ಪ್ರಿಂಗ್ ಚಾರ್ಜ್ ಮಾಡಿಟ್ಟ ಬ್ರೇಕರಿನ ಹಾಗೆ.

ಇಷ್ಟು ಹೊತ್ತಿಗೆ ಒಂದು ನಿಯಮ ಆಯಿತು ಅಂತ ಎಲ್ಲರೂ ತಿಳಿದಿದ್ದರು. ಡಿಎನ್‌ಎ ಅಂದರೆ ಆಫೀಸಿನ ಮೂಲ ಡ್ರಾಯಿಂಗ್, ಎರಡೆಳೆ. ಆರ್‌ಎನ್‌ಎ ಅಂದರೆ ಸೈಟಿಗೆ ಬರುವ ಜೆರಾಕ್ಸ್, ಒಂದೆಳೆ. ಪ್ರೋಟೀನ್ ಅಂದರೆ ಸೈಟಿನಲ್ಲಿ ಆಗುವ ಕೆಲಸ. ವೈರಸ್ಸುಗಳು ಈ ನಿಯಮಕ್ಕೆ ಒಂದೊಂದಾಗಿ ತೂತು ಹೊಡೆದವು. 1959ರಲ್ಲಿ ರಾಬರ್ಟ್ ಸಿನ್‌ಶೈಮರ್ ಫೈ-ಎಕ್ಸ್-174 ಅನ್ನುವ ಪುಟಾಣಿ ಫೇಜ್‌ನಲ್ಲಿ ಡಿಎನ್‌ಎ ಒಂದೇ ಎಳೆ ಇರುವುದನ್ನು ತೋರಿಸಿದರು. ಆಮೇಲೆ ಅದು ತುದಿಯಿಲ್ಲದ ಬಳೆ ಅಂತಲೂ ಗೊತ್ತಾಯಿತು. 1977ರಲ್ಲಿ ಫ್ರೆಡ್ ಸ್ಯಾಂಗರ್ ತಂಡ ಅದರ ಐದು ಸಾವಿರ ಚಿಲ್ಲರೆ ಅಕ್ಷರವನ್ನೂ ಓದಿದಾಗ ಇನ್ನೊಂದು ಸೋಜಿಗ: ಒಂದೇ ಸಾಲನ್ನು ಬೇರೆ ಬೇರೆ ಅಕ್ಷರದಿಂದ ಓದಲು ಶುರುಮಾಡಿದರೆ ಬೇರೆ ಬೇರೆ ಪ್ರೋಟೀನ್ ಬರುವ ಹಾಗೆ ಜೋಡಿಸಲಾಗಿದೆ. ಜಾಗ ಉಳಿಸಲು ಒಂದೇ ಕಾಗದದ ಮೇಲೆ ಎರಡು ಡ್ರಾಯಿಂಗ್.

ದೊಡ್ಡ ಜಗಳ ಆದದ್ದು ಹೊವರ್ಡ್ ಟೆಮಿನ್ ವಿಚಾರದಲ್ಲಿ. ಕೋಳಿಗೆ ಗಂತಿ ತರುವ ಒಂದು ಆರ್‌ಎನ್‌ಎ ವೈರಸ್ ನೋಡುತ್ತಿದ್ದ ಅವರು, ಈ ವೈರಸ್ ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿ ಕೋಳಿಯ ಜೀವಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ ಅಂತ 1960ರ ದಶಕದಲ್ಲಿ ಹೇಳಿದರು. ಅಂದರೆ ಸೈಟಿನ ಜೆರಾಕ್ಸ್ ನೋಡಿ ಆಫೀಸಿನ ಮೂಲ ಡ್ರಾಯಿಂಗ್ ತಿದ್ದಿದ ಹಾಗೆ. ಹೆಚ್ಚಿನವರು ನಂಬಲಿಲ್ಲ. ಅವರು ತಮ್ಮ ಮಾತು ಬಿಡಲಿಲ್ಲ. 1970ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವರೂ, ಎಂಐಟಿಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರೂ ಬೇರೆ ಬೇರೆಯಾಗಿ ಆ ಕೆಲಸ ಮಾಡುವ ಕಿಣ್ವವನ್ನು ವೈರಸ್ಸಿನ ಡಬ್ಬದೊಳಗೇ ಹಿಡಿದರು. ಐದು ವರ್ಷಕ್ಕೆ ನೊಬೆಲ್. ಎಚ್‌ಐವಿ ಇದೇ ಕುಟುಂಬದ್ದು ಅಂತ 1980ರ ದಶಕದಲ್ಲಿ ಗೊತ್ತಾದಾಗ ಆ ಜಗಳದ ಬೆಲೆ ಎಷ್ಟು ಅಂತ ಲೋಕಕ್ಕೆ ತಿಳಿಯಿತು. ಏಡ್ಸ್‌ಗೆ ಮೊದಲು ಬಂದ ಔಷಧ ಎಜೆಡ್‌ಟಿ ತಡೆಯುವುದು ಅದೇ ಕಿಣ್ವವನ್ನು.

ಬಾಲ್ಟಿಮೋರ್ 1971ರಲ್ಲಿ ಎಲ್ಲ ವೈರಸ್ಸುಗಳನ್ನೂ ಒಳಗಿನ ತಂತಿ ಯಾವ ಬಗೆಯದು, ಅದರಿಂದ ಕೆಲಸದ ಜೆರಾಕ್ಸ್ ಹೇಗೆ ಬರುತ್ತದೆ ಅನ್ನುವುದರ ಮೇಲೆ ಆರು ಗುಂಪು ಮಾಡಿದರು. ಆಮೇಲೆ ಏಳಾಯಿತು. ಏಳನ್ನೂ ಇಲ್ಲಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನಮಗೆ ಬೇಕಾದದ್ದು ಒಂದೆಳೆ ಆರ್‌ಎನ್‌ಎಯ ಎರಡು ಬಗೆ. ಒಂದು, ನೆಟ್ಟಗೆ ಬರೆದದ್ದು. ಜೀವಕೋಶದೊಳಗೆ ಬಿದ್ದ ಕೂಡಲೇ ಓದಬಹುದು. ಇನ್ನೊಂದು, ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಬರೆದದ್ದು. ಅದನ್ನು ಮೊದಲು ನಕಲು ಮಾಡಿ ನೆಟ್ಟಗೆ ಮಾಡಬೇಕು, ಅದಕ್ಕೆ ನಕಲಿನ ಯಂತ್ರವನ್ನು ವೈರಸ್ ತಾನೇ ಹೊತ್ತು ತರಬೇಕು. ಹುಚ್ಚುನಾಯಿ ರೋಗ, ಫ್ಲೂ ಎರಡೂ ಉಲ್ಟಾ ಬಗೆ. ಫ್ಲೂ ತಂತಿ ಒಂದಲ್ಲ, ಎಂಟು ತುಂಡು. ಎರಡು ಬಗೆಯ ಫ್ಲೂ ಒಂದೇ ಹಂದಿಯ ಒಂದೇ ಜೀವಕೋಶದಲ್ಲಿ ಸೇರಿದರೆ ತುಂಡುಗಳು ಅದಲುಬದಲಾಗಿ ಹೊಸದೇ ಫ್ಲೂ ಆಗಬಹುದು.

ಕೊರೊನಾ ನೆಟ್ಟಗಿನ ಬಗೆ. 2012ರಲ್ಲಿ ಸೌದಿಯ ಜೆದ್ದಾದಲ್ಲಿ ಮೊದಲು ಗುರುತಿಸಿದ ಮರ್ಸ್ ಕೂಡ. ನಾನು ಗಲ್ಫಿಗೆ ಹೊಸದಾಗಿ ಬಂದಾಗ ಒಂಟೆ ಹತ್ತಿರ ಹೋಗಬೇಡಿ ಅಂತ ಹಳಬರು ಹೇಳುತ್ತಿದ್ದದ್ದು ಇದಕ್ಕೇ. ಕೊರೊನಾದ ತಂತಿ ಸುಮಾರು 30 ಸಾವಿರ ಅಕ್ಷರ. ಆರ್‌ಎನ್‌ಎ ವೈರಸ್ಸುಗಳಲ್ಲಿ ಬಹಳ ಉದ್ದ. ಇಷ್ಟುದ್ದ ನಕಲು ಮಾಡುವಾಗ ತಪ್ಪು ಜಾಸ್ತಿ ಆಗಬೇಕು, ಅದಕ್ಕೆ ತಪ್ಪು ತಿದ್ದುವ ಕಿಣ್ವವನ್ನೂ ಅದು ಇಟ್ಟುಕೊಂಡಿದೆ. ತಂತಿಗೆ ಪ್ರೋಟೀನ್ ಮಣಿ ಪೋಣಿಸಿ, ಸುರುಳಿ ಮಾಡಿ, ಮೇಲೆ ಕೊಬ್ಬಿನ ಪೊರೆ ಹೊದೆಸಿರುತ್ತದೆ. ಸೋಪು ಕರಗಿಸುವುದು ಆ ಪೊರೆಯನ್ನು. ಪೊರೆ ಹೋದರೆ ತಂತಿ ಇದ್ದೂ ಕೆಲಸಕ್ಕೆ ಬಾರದು. 2020ರ ಜನವರಿ ಎರಡನೇ ವಾರದ ಹೊತ್ತಿಗೆ ಚೀನಾದ ವಿಜ್ಞಾನಿಗಳು ಅದರ ಅಕ್ಷರಗಳನ್ನು ಪೂರ್ತಿ ಓದಿ ಎಲ್ಲರಿಗೂ ಸಿಗುವ ಹಾಗೆ ಹಾಕಿದರು. ನಮ್ಮ ರೂಮಿನಲ್ಲಿ ನಾವು ವಾದ ಮಾಡುತ್ತಿದ್ದಾಗ ಅದರ ಪೂರ್ತಿ ಡ್ರಾಯಿಂಗ್ ಆಗಲೇ ಲೋಕದ ಕೈಯಲ್ಲಿತ್ತು. ಲಸಿಕೆ ಒಂದೇ ವರ್ಷದೊಳಗೆ ಬಂದದ್ದು ಅದರಿಂದ.

ಮಂಗನ ಕಾಯಿಲೆಯದ್ದೂ ನೆಟ್ಟಗಿನ ಬಗೆಯೇ. 1957ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ದಕ್ಷಿಣ ಅಮೆರಿಕದಲ್ಲಿ ಮಂಗ ಸಾಯುವುದು ಹಳದಿ ಜ್ವರದಲ್ಲಿ, ಅದೇ ಬಂತಾ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ನೋಡಿದರೆ ಹಳದಿ ಜ್ವರ ಅಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಹತ್ತಿರದ ನೆಂಟ. ಇಲ್ಲೂ ಉಣುಗೇ. ವೈರಸ್ಸಿಗೆ ಆ ಕಾಡಿನ ಹೆಸರೇ ಇಟ್ಟರು. ನಮ್ಮ ಅಜ್ಜ ಆಗ ಹುಡುಗ. ಮಂಗ ಸತ್ತ ಕಡೆ ಹೋಗಬೇಡಿ ಅಂತ ಡಂಗುರ ಸಾರಿದ್ದನ್ನು ಹೇಳುತ್ತಿದ್ದರು.

ಗಮನಿಸಿ, ಅದು ಫ್ರೆಂಕೆಲ್-ಕಾನ್ರಾಟ್ ಮತ್ತು ಸಿಂಗರ್ ಅಂಗಿ ಬದಲಾಯಿಸಿದ ವರ್ಷವೇ. ಒಂದು ಕಡೆ ಬರ್ಕ್‌ಲಿಯಲ್ಲಿ ಆರ್‌ಎನ್‌ಎ ಯಜಮಾನ ಅಂತ ತೀರ್ಮಾನ ಆಗುತ್ತಿತ್ತು, ಇನ್ನೊಂದು ಕಡೆ ನಮ್ಮ ಬೆಟ್ಟದಲ್ಲಿ ಹಾಗೇ ಒಂದು ಆರ್‌ಎನ್‌ಎ ಮೊದಲ ಸಲ ಮನುಷ್ಯರ ಲೆಕ್ಕಕ್ಕೆ ಬಂತು.

ಆ ತಂತಿ ಒಂದೇ ತುಂಡು, ಸುಮಾರು 11 ಸಾವಿರ ಅಕ್ಷರ. ಧನ ಚಾರ್ಜಿನ ಪ್ರೋಟೀನ್ ಅದನ್ನು ಮುದ್ದೆಮಾಡಿ ಹಿಡಿದಿರುತ್ತದೆ, ಮೇಲೆ ಕೊಬ್ಬಿನ ಪೊರೆ, ಪೊರೆಯ ಮೇಲೆ ಪ್ರೋಟೀನ್ ಹೆಂಚು. ಒಟ್ಟು ಅಗಲ ಸುಮಾರು 50 ನ್ಯಾನೊಮೀಟರ್. ಉಣುಗು ಕಚ್ಚಿ ಒಳಗೆ ಹೋದ ಮೇಲೆ ಜೀವಕೋಶ ಅದನ್ನು ತನ್ನದೇ ಜೆರಾಕ್ಸ್ ಅಂದುಕೊಂಡು ಒಂದು ತುದಿಯಿಂದ ಓದತೊಡಗುತ್ತದೆ. ನಡುವೆ ನಿಲ್ಲದೆ ಓದಿ ಒಂದೇ ಉದ್ದ ಪ್ರೋಟೀನ್ ಮಾಡುತ್ತದೆ. ಆಮೇಲೆ ಅದನ್ನು ಕತ್ತರಿಸಿದರೆ ಹತ್ತು ಪ್ರೋಟೀನ್. ಮೂರು ಡಬ್ಬ ಕಟ್ಟಲು, ಏಳು ನಕಲು ಮಾಡಲು ಮತ್ತು ಉಳಿದ ಕೆಲಸಕ್ಕೆ. ನನ್ನ ಅತ್ತೆಯನ್ನು ತೆಗೆದುಕೊಂಡು ಹೋದದ್ದು ಇಷ್ಟೇ. ಈ ಪುಟದಲ್ಲಿ ನೀವು ಇಲ್ಲಿಯವರೆಗೆ ಓದಿದ ಅಕ್ಷರಗಳಿಗಿಂತ ಕಡಿಮೆ.

ಆ 11 ಸಾವಿರ ಅಕ್ಷರವನ್ನೂ ಈಗ ಪೂರ್ತಿ ಓದಿಟ್ಟಿದ್ದಾರೆ. ಆದರೆ 2018ರ ಕೊನೆಗೆ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಜ್ವರ ಶುರುವಾದಾಗ ಕೊಡಲು ಇದ್ದದ್ದು ಹಳೆಯ ಕಾಲದ ಲಸಿಕೆ, ಫಾರ್ಮಲಿನ್ ಹಾಕಿ ವೈರಸ್ ಕೊಂದು ಮಾಡುವಂಥದ್ದು. ಎರಡು ಮೂರು ಸಲ ಚುಚ್ಚಿಸಿಕೊಳ್ಳಬೇಕಿತ್ತು, ರಕ್ಷಣೆಯೂ ಗಟ್ಟಿ ಇರಲಿಲ್ಲ. ಈಗ ಅದನ್ನೂ ನಿಲ್ಲಿಸಿದ್ದಾರೆ. ಕೊರೊನಾದ ತಂತಿ ಓದಿ ವರ್ಷದೊಳಗೆ ಲಸಿಕೆ ಮಾಡಿದ ಲೋಕ, ಕ್ಯಾಸನೂರಿನ ತಂತಿಗೆ ಇಷ್ಟು ವರ್ಷ ತೆಗೆದುಕೊಂಡದ್ದಕ್ಕೆ ಕಾರಣ ವಿಜ್ಞಾನ ಅಲ್ಲ ಅಂತ ನನ್ನ ಅನಿಸಿಕೆ. ಆ ಬೆಟ್ಟದಲ್ಲಿ ದರಕು ಗುಡಿಸುವವರು ವಿಮಾನದಲ್ಲಿ ಓಡಾಡುವುದಿಲ್ಲ, ಅವರ ಜ್ವರ ದುಬೈಗೂ ಲಂಡನ್ನಿಗೂ ಹೋಗುವುದಿಲ್ಲ. ಮಕ್ಕಳು ಮಾತ್ರ ಬಂದಿದ್ದೇವೆ.

ಅಮ್ಮ ಈಗಲೂ ಬೆಟ್ಟಕ್ಕೆ ಹೋಗುತ್ತಾರೆ. ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಸೀರೆ ಬೇರೆ ನೆನೆಸಿಡುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ಪ್ರತಿ ಶುಕ್ರವಾರದ ಫೋನಿನಲ್ಲಿ ನಾನು ಮೊದಲು ಕೇಳುವುದು ಊಟ ಆಯ್ತಾ ಅಂತ ಅಲ್ಲ, ಎಣ್ಣೆ ಹಚ್ಚಿದ್ಯಾ ಅಂತ.